ಗಂಜಿ ಚೀಲ

ಚೀಲ ಸದ್ದು ಮಾಡುತ್ತಿತ್ತು. ಹೊನ್ನಾವರದ ಆ ಕಲ್ಯಾಣ ಮಂಟಪದಲ್ಲಿ ವಾಲಗವಿತ್ತು, ಅಡುಗೆಮನೆಯ ಕಡೆಯಿಂದ ಹಂಡೆ ಎಳೆಯುವ ಗಲಾಟೆಯಿತ್ತು, ಹೆದ್ದಾರಿಗೆ ಅಡ್ಡ ನಿಲ್ಲಿಸಿದ ಯಾವುದೋ ಜೀಪಿನ ನಂಬರನ್ನು ಮೈಕಿನಲ್ಲಿ ಪದೇ ಪದೇ ಕೂಗುತ್ತಿದ್ದರು. ಇಷ್ಟರ ನಡುವೆಯೂ ದಿನಕರನ ಕಿವಿಗೆ ಬೀಳುತ್ತಿದ್ದದ್ದು ಚೀಲದ ಚರಪರ ಒಂದೇ. ಬಾಗಿಲ ಬದಿಯ ಮೇಜಿನ ಹಿಂದೆ ಕೂತ ಅವನ ಹೆಂಡತಿ ಮಾಲತಿ ಒಂದೊಂದೇ ಚೀಲದ ಬಾಯಿ ಬಿಡಿಸಿ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಇಡಗುಂಜಿಯಿಂದ ತಂದ ಪಂಚಕಜ್ಜಾಯದ ಪೊಟ್ಟಣ ಇಟ್ಟು ಸಾಲಾಗಿ ನಿಲ್ಲಿಸುತ್ತಿದ್ದಳು. ಬಾಯಿ ಬಿಡಿಸಿದಾಗಲೆಲ್ಲ ಚರಪರ. ಅವಳಿಗೆ ಅದು ಕೇಳಿಸುತ್ತಿರಲಿಲ್ಲವೋ, ಅಥವಾ ಚೀಲ ಎಂದಮೇಲೆ ಸದ್ದು ಮಾಡಬೇಕಾದದ್ದೇ ಎಂದುಕೊಂಡಿದ್ದಳೋ. ಗಂಜಿಯಿಂದ ಮಾಡಿದ ಹಾಳೆ ಹೀಗೆ ಸದ್ದು ಮಾಡುವುದಿಲ್ಲ. ಅರ್ಧ ಒಣಗಿದ ಹಪ್ಪಳದ ಹಾಗೆ ಸುಮ್ಮನೆ ಬಾಗುತ್ತದೆ. ಹೀಗೆ ಚರಪರ ಎನ್ನುವುದು ಅಪ್ಪಟ ಪ್ಲಾಸ್ಟಿಕ್ಕು ಎಂಬುದು ಅಲ್ಲಿ ನೆರೆದ ಜನರಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಆ ಒಬ್ಬನ ಹೆಸರು ಚೀಲದ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿತ್ತು. ಮೇಲೆ ವಧೂವರರ ಹೆಸರು, ನಡುವೆ ಒಂದು ಹಸಿರು ಎಲೆ, ಎಲೆಯ ಕೆಳಗೆ ಅವನೇ ಸ್ವತಃ ರಚಿಸಿದ ವಾಕ್ಯ: ಮಣ್ಣಿನಿಂದ ಬಂದದ್ದು ಮಣ್ಣಿಗೆ. ಮದುವೆಯ ಚೀಲಕ್ಕಿಂತ ವೈಕುಂಠ ಸಮಾರಾಧನೆಯ ಚೀಲಕ್ಕೆ ಹೆಚ್ಚು ಹೊಂದುವ ವಾಕ್ಯ ಅದು ಎಂದು ಅವನಿಗೆ ಹೊಳೆದದ್ದು ಅಚ್ಚಾದ ಮೇಲೆ.

ಶುರುವಿನಲ್ಲಿ ಅವನು ಸುಳ್ಳನಾಗಿರಲಿಲ್ಲ ಎಂಬುದನ್ನು ಅವನ ಪರವಾಗಿ ಹೇಳಲೇಬೇಕು. ಕುಮಟೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತ, ಮಕ್ಕಳು ಬರೆದುಕೊಳ್ಳದ ಸಮೀಕರಣಗಳನ್ನು ಬರೆದು ಅಳಿಸುತ್ತ ಇದ್ದವನು ಒಂದು ದಿನ ಬಸ್ ನಿಲ್ದಾಣದ ಹಿಂದೆ, ಸತ್ತ ದನದ ಹೊಟ್ಟೆಯಿಂದ ದನದ ಡಾಕ್ಟರು ಪ್ಲಾಸ್ಟಿಕ್ಕನ್ನು ಮಾರುಗಟ್ಟಲೆ ಎಳೆದು ತೆಗೆದದ್ದನ್ನು ನೋಡಿದ. ಆಗ ಅವನ ಕಣ್ಣಲ್ಲಿ ನಿಜವಾಗಿ ನೀರು ಬಂತು. ಆ ನೀರು ಪಿಎಚ್‌ಡಿಯ ವಿಷಯವಾಗಿ ಮಾರ್ಪಟ್ಟದ್ದು ಆಮೇಲೆ. ಕೊಳೆಯುವ ಪಾಲಿಮರ್, ಅಕ್ಕಿಯ ಪಿಷ್ಟದಿಂದ ಮಾಡಿದ್ದು, ಮಣ್ಣಿಗೆ ಬಿದ್ದರೆ ಮಣ್ಣಾಗುವಂಥದ್ದು. ಸ್ಟಾಫ್ ರೂಮಿನಲ್ಲಿ ಅವನನ್ನು ಕೊಳೆ ಮೇಷ್ಟ್ರು ಎಂದು ಕರೆದರು. ಅವನು ನಕ್ಕ, ಏಕೆಂದರೆ ನಗದೆ ಬೇರೆ ದಾರಿಯಿರಲಿಲ್ಲ. ಮನೆಯಲ್ಲಿ ಮಾಲತಿ ನುಚ್ಚಕ್ಕಿ ನೆನೆಸಿದಳು, ರುಬ್ಬಿದಳು, ಬಟ್ಟೆಯಲ್ಲಿ ಸೋಸಿದಳು, ತಿಳಿ ಚೆಲ್ಲಿ ತಳದ ಬಿಳಿ ಹಿಟ್ಟನ್ನು ಒಣಗಿಸಿ ಕೊಟ್ಟಳು. ಅದಕ್ಕೆ ನೀರು, ಗ್ಲಿಸರಿನ್ನು, ಚೂರು ವಿನೆಗರ್ ಹಾಕಿ ಕುದಿಸಿ ಗಾಜಿನ ಮೇಲೆ ಹರಡುವುದು. ಎಷ್ಟೋ ಸಲ ಅದು ಒಡೆಯಿತು, ಬೂಸ್ಟು ಹಿಡಿಯಿತು, ಇರುವೆ ಮುತ್ತಿತು. ಕೊನೆಗೊಂದು ಬೆಳಿಗ್ಗೆ ಹಾಳೆ ಅಖಂಡವಾಗಿ ಎದ್ದು ಬಂತು. ಇಬ್ಬರೂ ಅದನ್ನು ಕಿಟಕಿಗೆ ಹಿಡಿದು ನೋಡಿದರು. ಆಚೆಯ ದಾಸವಾಳ ಮಸುಕಾಗಿ ಕಂಡಿತು. ಮಾಲತಿ ಒಂದು ತುದಿ ಹರಿದು ನಾಲಗೆಯ ಮೇಲಿಟ್ಟುಕೊಂಡು, "ಉಪ್ಪು ಹಾಕಿದ್ರೆ ಹಪ್ಪಳವೇ ಆಗಿತ್ತು" ಎಂದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ತಾವಿಬ್ಬರೂ ಸೇರಿ ಏನನ್ನಾದರೂ ಮಾಡಿದ್ದೇವೆ ಎಂದು ಅವನಿಗೆ ಅನ್ನಿಸಿದ್ದು ಆ ಒಂದು ಗಳಿಗೆಯಲ್ಲಿ. ಆ ಸಂತೋಷ ಸುಳ್ಳಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಅವನು ಒಳ್ಳೆಯ ಮನುಷ್ಯನಾಗಿ, ಗುರುತಿಲ್ಲದವನಾಗಿ ನಿವೃತ್ತನಾಗಬಹುದಿತ್ತು.

ಆದರೆ ಭಟ್ಕಳದಲ್ಲಿ ಪರಿಸರದ ಬಗ್ಗೆ ಒಂದು ವಿಚಾರ ಸಂಕಿರಣ ನಡೆಯಿತು. ಮನೆಯಲ್ಲಿ ಬಾಗುತ್ತಿದ್ದ ಹಾಳೆ ಅಲ್ಲಿನ ಫ್ಯಾನಿನ ಗಾಳಿಗೆ ಒಣಗಿ, ಅವನು ಎತ್ತಿ ತೋರಿಸುವಷ್ಟರಲ್ಲಿ ಲಟಕ್ಕನೆ ಮುರಿಯಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದಿನಕರ ಬೆವರುತ್ತ, "ಗಮನಿಸಿ, ಕೊಳೆಯುವ ಕ್ರಿಯೆ ಈಗಾಗಲೇ ಆರಂಭವಾಗಿದೆ" ಎಂದ. ಸಭೆ ಚಪ್ಪಾಳೆ ತಟ್ಟಿತು. ಮಾರನೆಯ ದಿನ ಪತ್ರಿಕೆಯಲ್ಲಿ ಅವನ ಫೋಟೋ ಬಂತು. ಮಾಲತಿ ಅದನ್ನು ಕತ್ತರಿಸಿ ಶೋಕೇಸಿನಲ್ಲಿ, ಪಿಂಗಾಣಿ ಬಾತುಕೋಳಿಯ ಪಕ್ಕ ನಿಲ್ಲಿಸಿದಳು. ಅವತ್ತಿನಿಂದ ಅವಳು ಪೇಟೆಗೆ ಹೋಗುವಾಗ ಬಟ್ಟೆಯ ಕೈಚೀಲ ಹಿಡಿದಳು. ಅಂಗಡಿಯವರು ಪ್ಲಾಸ್ಟಿಕ್ ಕೊಟ್ಟರೆ, ಬೇಡ, ನಮ್ಮನೆಯವರು ಅದರ ವಿರುದ್ಧ ಇದ್ದಾರೆ ಎಂದಳು. ತಾನು ಒಂದು ವಸ್ತುವಿನ ವಿರುದ್ಧ ಇರುವ ಗಂಡಸು ಎಂಬುದು ದಿನಕರನಿಗೆ ಮೊದಮೊದಲು ಹಿತವಾಗಿಯೇ ಇತ್ತು.

ಆಮೇಲೆ ಮಾಲತಿಯ ಅಣ್ಣ ಮೋಹನ, ಸಂತೆಗುಳಿಯಿಂದ ಬಂದು, ಮಗಳು ವಿನುತಾಳ ಮದುವೆಯ ತಾಂಬೂಲಕ್ಕೆ ಭಾವನ ಚೀಲವೇ ಆಗಬೇಕು ಎಂದ. ಗಾಜಿನ ಮೇಲೆ ಹಾಳೆ ಎರೆಯುವವನಿಗೆ ಅಷ್ಟೊಂದು ಚೀಲ ಎಲ್ಲಿಂದ ಬರಬೇಕು? ಆಗುವುದಿಲ್ಲ ಎನ್ನಲು ಬಾಯಿ ತೆರೆದಾಗ ಮಾಲತಿ, "ಆಗ್ತು ಅಣ್ಣಾ, ಹಿಟ್ಟು ಆನು ಮಾಡಿ ಕೊಡ್ತೆ" ಎಂದುಬಿಟ್ಟಿದ್ದಳು. ಮಾಡಿಯೂ ಕೊಟ್ಟಳು. ಇಡೀ ಚಳಿಗಾಲ ರುಬ್ಬಿ ಒಣಗಿಸಿದ ಹಿಟ್ಟು, ದೊಡ್ಡದೊಂದು ಸ್ಟೀಲು ಡಬ್ಬಿಯಲ್ಲಿ. ಅದನ್ನು ತೊಡೆಯ ಮೇಲಿಟ್ಟುಕೊಂಡು ದಿನಕರ ಘಟ್ಟ ಹತ್ತಿ ಹುಬ್ಬಳ್ಳಿಗೆ, ಚೀಲ ಊದುವ ಯಂತ್ರದ ಒಂದು ಶೆಡ್ಡಿಗೆ ಹೋದ. ಮಾಲೀಕ ಡಬ್ಬಿಗೆ ಬೆರಳು ಅದ್ದಿ ನೋಡಿ, "ಸರ, ಇದನ್ನ ಹಾಕಿದ್ರ ನನ್ನ ಮಷೀನಿನ ಬಾಯಿ ಕಟ್ಟತೈತ್ರಿ" ಎಂದ. ಪ್ಲಾಸ್ಟಿಕ್ ಕಾಳಿಗೆ ಚಿಟಿಕೆಯಷ್ಟು ಒಣ ಹಿಟ್ಟು, ಅದೂ ಅವನ ಹತ್ತಿರವೇ ಇದ್ದ ಮೂಟೆಯದ್ದು, ಹೆಪ್ಪು ಹಾಕಿದ ಹಾಗೆ ಬೆರೆಸಬಹುದು. ಎಲ್ಲರೂ ಹಾಗೇ ಮಾಡುತ್ತಾರೆ. ಮೇಲೆ ಹಸಿರು ಎಲೆ ಬರೆದರೆ ಮುಗಿಯಿತು ಎಂದೂ ಹೇಳಿದ. ದಿನಕರ ಸ್ವಲ್ಪ ಹೊತ್ತು ತತ್ವದ ಮಾತಾಡಿದ. ಮಾಲೀಕ ಚಹಾ ತರಿಸಿದ. ಚಹಾ ಮುಗಿಯುವಷ್ಟರಲ್ಲಿ ತತ್ವವೂ ಮುಗಿದಿತ್ತು.

"ಇದು ಥೇಟು ಪ್ಲಾಸ್ಟಿಕ್ ನಮೂನಿಯೇ ಇದ್ದಲೆ" ಎಂದದ್ದು ಗಂಡಿನ ಕಡೆಯ ಒಬ್ಬ ಹೆಂಗಸು. ಮೇಜಿನ ಮುಂದೆ ನಿಂತು ಚೀಲವನ್ನು ಬೆಳಕಿಗೆ ಹಿಡಿದಿದ್ದಳು. ಅವಳ ಮಾತಿನಲ್ಲಿ ಆಕ್ಷೇಪ ಇರಲಿಲ್ಲ, ಮೆಚ್ಚುಗೆಯೇ ಇತ್ತು. ಆದರೆ ಮಾಲತಿಯ ಮುಖ ಕೆಂಪಾಯಿತು. ದಿನಕರ ಕಂಬದ ಪಕ್ಕದಲ್ಲಿ ನಿಂತವನು ಅಲ್ಲಿಂದಲೇ ಸರಿದು ಹೋಗಬಹುದಿತ್ತು. ಅವನ ಕಾಲುಗಳಿಗೆ ಆ ಬುದ್ಧಿ ಬರಲಿಲ್ಲ. "ಪ್ಲಾಸ್ಟಿಕ್ ಅಲ್ಲ ಅಕ್ಕಾ" ಎಂದು ಮಾಲತಿ ಎದ್ದು ನಿಂತಳು. "ಇದು ಅಕ್ಕಿದು. ಅಕ್ಕಿ ನೆನೆಸಿ ರುಬ್ಬಿದ್ದು ಆನೇ. ಅದನ್ನ ನೀರು ಹಾಕಿ ಗಂಜಿ ಬೇಯ್ಸಿದ ಹಾಂಗೆ ಬೇಯ್ಸಿ ಮಾಡೂದು. ಪೇಪರಲ್ಲೂ ಬೈಂದು." ಒಬ್ಬಳಿಗೆ ಹೇಳಿದ್ದು ನಾಲ್ವರಿಗೆ ಕೇಳಿಸಿತು. ನಾಲ್ವರು ಚೀಲ ಮುಟ್ಟಿ ನೋಡಿದರು. ಅಕ್ಕಿಯಿಂದ ಚೀಲ, ಎಂಥ ಕಾಲ ಬಂತು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಮಾಲತಿ ಆ ಬೆರಗಿನ ನಡುವೆ ನಿಂತು ಒಮ್ಮೆ ಗಂಡನ ಕಡೆ ನೋಡಿದಳು. ಅವಳಿಗೆ ಇಷ್ಟು ಹೆಮ್ಮೆ ಇದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಆ ಬೆರಗಿನ ಹಿಂದೆ ಗೋಡೆಗೆ ಒರಗಿ ಗಣಪಿ ಅತ್ತೆ ಕೂತಿದ್ದಳು. ಮಾಲತಿ-ಮೋಹನರ ಸೋದರತ್ತೆ. ಅನ್ನದ ಪಾತ್ರೆಗೆ ಕೈ ತಾಗಿದರೆ ತೊಳೆಯದೆ ಇನ್ನೊಂದನ್ನು ಮುಟ್ಟದವಳು. ಗಂಜಿ ಹಾಕಿದ ಸೀರೆ ಉಟ್ಟು ದೇವರ ಕೋಣೆಗೆ ಕಾಲಿಡದವಳು. ಬೆಂದ ಅನ್ನ ತಾಗಿದ್ದೆಲ್ಲ ಮುಸುರೆ, ಮುಸುರೆ ತಾಗಿದ್ದು ದೇವರಿಗೆ ಸಲ್ಲದು: ಈ ವಿಷಯದಲ್ಲಿ ಅವಳದ್ದು ದಿನಕರನ ಪಾಲಿಮರ್ ಜ್ಞಾನಕ್ಕಿಂತ ಗಟ್ಟಿಯಾದ ಶಾಸ್ತ್ರ. "ಏ ಮಾಲತಿ, ಎಂತ ಹೇಳಿದೆ? ಬೇಯ್ಸಿದ್ದಾ?" ಎಂದು ಅವಳು ಕೂತಲ್ಲಿಂದಲೇ ಕೇಳಿದಳು. "ಹೌದು ಅತ್ತೆ, ಚೊಲೋ ಬೇಯ್ಸೂದು" ಎಂದಳು ಮಾಲತಿ. "ಹಂಗಾರೆ ಮುಸುರೆ ಅಲ್ದಾ? ಇಡಗುಂಜಿ ಗಣಪತಿ ಪ್ರಸಾದನ್ನ ಮುಸುರೆಲಿ ತುಂಬಿ ಮಡಗಿದ್ರಾ?"

ಬೆರಗು ಹಿಂದೆ ಸರಿಯಿತು, ಅಂದರೆ ಚೀಲ ಹಿಡಿದಿದ್ದ ನಾಲ್ಕೂ ಕೈಗಳು ಚೀಲವನ್ನು ಮೇಜಿನ ಮೇಲೆ ಇಟ್ಟು ಸೆರಗಿಗೆ ಒರೆಸಿಕೊಂಡವು. ಸುದ್ದಿ ಮಂಟಪದ ಆಚೆ ತುದಿಗೆ ಮುಟ್ಟಿದಾಗ ಅದು ಅನ್ನದ ಚೀಲ ಎಂದಾಗಿತ್ತು. ಊಟದ ಹಾಲಿಗೆ ಮುಟ್ಟಿದಾಗ ಎಂಜಲು ಎಂದಾಗಿತ್ತು. ಗಂಡಿನ ಸೋದರಮಾವ ಪುರೋಹಿತರನ್ನು ಕರೆತಂದ. ಪುರೋಹಿತರಿಗೆ ಹೋಮ ಮುಗಿಸಿ ಇನ್ನೊಂದು ಕಡೆ ಹೋಗುವುದಿತ್ತು. ಚೀಲವನ್ನು ಮುಟ್ಟದೆ ಬಗ್ಗಿ ನೋಡಿ, ಹಿಟ್ಟು ಹಸಿಯಾಗಿದ್ದರೆ ಅಡ್ಡಿಯಿಲ್ಲ, ನೀರಲ್ಲಿ ಬೆಂದಿದ್ದರೆ ಕಷ್ಟ ಎಂದರು. ಗಂಡಿನ ಸೋದರಮಾವ, ಹಾಗಾದರೆ ತಮ್ಮವರು ತಾಂಬೂಲ ಮುಟ್ಟುವಂತಿಲ್ಲ, ತಾಂಬೂಲ ಮುಟ್ಟದೆ ಎದ್ದು ಹೋದರೆ ಅದನ್ನು ಏನೆಂದು ಕರೆಯುತ್ತಾರೆ ಎಂದು ಎಲ್ಲರಿಗೂ ಗೊತ್ತು ಎಂದ. ವೇದಿಕೆಯ ಮೇಲೆ ವಿನುತಾ ಬಾಸಿಂಗದ ಕೆಳಗಿಂದ ಇತ್ತ ನೋಡುತ್ತಿದ್ದಳು. ದೇಶದ ತುಂಬ ನದಿ, ಚರಂಡಿ, ದನದ ಹೊಟ್ಟೆ ಎಲ್ಲವೂ ಪ್ಲಾಸ್ಟಿಕ್ಕಿನಿಂದ ತುಂಬಿರುವಾಗ ಇಲ್ಲೊಂದು ಚೀಲ ಕೊಳೆಯುತ್ತದೆ ಎಂಬ ಕಾರಣಕ್ಕೆ ಮದುವೆ ನಿಲ್ಲುವ ಹಾಗಾಗಿತ್ತು. ಮತ್ತು ಅದು ಕೊಳೆಯುತ್ತಲೂ ಇರಲಿಲ್ಲ. 

ಮೋಹನ ಬಂದ. ರೇಷ್ಮೆ ಪಂಚೆ ಬೆವರಿಗೆ ಕಾಲಿಗೆ ಅಂಟಿತ್ತು. ಎಲ್ಲರ ಎದುರು ಕೈ ಹಿಡಿದುಕೊಂಡು, "ಭಾವ, ಇದು ಬೇಯ್ಸಿದ್ದು ಹೌದಾ ಅಲ್ದಾ, ನೀನೇ ಒಂದು ಮಾತು ಹೇಳು" ಎಂದ. ದಿನಕರ ಮಾಲತಿಯನ್ನು ನೋಡಿದ. ಅವಳ ಮುಖದಲ್ಲಿ ಒಂದಿಷ್ಟೂ ಗಾಬರಿ ಇರಲಿಲ್ಲ. ಗಂಡ ಈಗ ಏನೋ ಒಂದು ವಿಜ್ಞಾನ ಹೇಳುತ್ತಾನೆ, ಬೆಂದದ್ದೂ ಹೌದು ಮುಸುರೆಯೂ ಅಲ್ಲ ಎಂದು ಎಲ್ಲರಿಗೂ ಒಪ್ಪಿಸುತ್ತಾನೆ ಎಂದು ಕಾಯುತ್ತಿದ್ದಳು. ಹೌದು ಎಂದರೆ ವಿನುತಾಳ ಮದುವೆ ಹೋಯಿತು. ಅಲ್ಲ ಎಂದರೆ ಇವಳು. ಮನೆಯ ಹಿಂದೆ ದಾಸವಾಳದ ಬುಡದಲ್ಲಿ ಇದೇ ಚೀಲದ ಒಂದು ಮಾದರಿಯನ್ನು ಅವನು ಹುಗಿದಿದ್ದ, ಮಣ್ಣಿನಲ್ಲಿ ಎಷ್ಟು ದಿನಕ್ಕೆ ಕರಗುತ್ತದೆ ನೋಡಲು ಎಂದು ಅವಳಿಗೆ ಹೇಳಿದ್ದ. ಬೇಗ ಕೊಳೆಯಲಿ ಎಂದು ಅವಳು ದಿನಾ ಅಕ್ಕಿ ತೊಳೆದ ನೀರನ್ನು ಅಲ್ಲಿಗೇ ಹೊಯ್ಯುತ್ತಿದ್ದಳು. ಒಂದು ಮಧ್ಯಾಹ್ನ ಅವಳಿಲ್ಲದಾಗ ಅಗೆದು ನೋಡಿದ್ದ. ಹಸಿರು ಎಲೆ ಮೊನ್ನೆ ಅಚ್ಚಾದಷ್ಟೇ ಹಸಿರಾಗಿತ್ತು. ಕೊಡವಿ, ಮೊದಲಿಗಿಂತ ಆಳದಲ್ಲಿ ಹುಗಿದು, ಮೇಲೆ ಕಾಲಲ್ಲಿ ತುಳಿದಿದ್ದ. ದಾಸವಾಳವಂತೂ ಚೆನ್ನಾಗಿ ಬಂದಿತ್ತು.

"ಅಲ್ಲ ಭಾವ" ಎಂದ ದಿನಕರ. "ಇದು ಪ್ಲಾಸ್ಟಿಕ್ಕು."

ಮಾಲತಿ ಮೊದಲು ನಕ್ಕಳು. ಆಮೇಲೆ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಜನಕ್ಕೆ ಹೆದರಿ ಸುಳ್ಳು ಹೇಳೂದು ಬೇಡ" ಎಂದಳು. ಅವನ ಬೆನ್ನಿಗೆ ನಿಂತೇ ಹೇಳಿದಳು. ಅವನು ಮದುವೆ ಉಳಿಸಲು ತನ್ನ ಸಂಶೋಧನೆಯನ್ನೇ ಬಲಿ ಕೊಡುತ್ತಿದ್ದಾನೆ ಎಂದು ತಿಳಿದಿದ್ದಳು. ತಿರುಗಿ ಗಣಪಿ ಅತ್ತೆಗೆ, "ಅತ್ತೆ, ಇವು ಸುಳ್ಳು ಹೇಳ್ತಾ ಇದ್ದೊ. ಹಿಟ್ಟು ಮಾಡಿದ್ದು ಯಂಗೆ ಗೊತ್ತಿಲ್ಯಾ?" ಎಂದಳು. ಚೀಲದ ವಿಷಯದಲ್ಲಿ ಅವನ ಮೊದಲ ಸತ್ಯಕ್ಕೆ ಸಿಕ್ಕ ಸ್ವಾಗತ ಅದು. ಗಂಡಿನ ಸೋದರಮಾವ ಒಮ್ಮೆ ಇವನನ್ನು, ಒಮ್ಮೆ ಅವಳನ್ನು ನೋಡಿ, ಗಂಡ ಹೇಳಿದ್ದನ್ನು ನಂಬುವುದೋ ಹೆಂಡತಿ ಹೇಳಿದ್ದನ್ನೋ ಎಂದ. ಯಾರೋ ನಕ್ಕರು.

ದಿನಕರ ಪಾಠ ಹೇಳುವವನ ಅಭ್ಯಾಸದಿಂದ ಖಾಲಿ ಚೀಲವೊಂದನ್ನು ಎತ್ತಿಕೊಂಡ. ಬಾಗಿಲ ಬಳಿ ಕಾಲುದೀಪ ಉರಿಯುತ್ತಿತ್ತು. ಅಕ್ಕಿಯದ್ದಾದರೆ ಕಾಗದದ ಹಾಗೆ ಕರಿಯಾಗಿ ಉರಿಯುತ್ತದೆ, ಅನ್ನ ಸೀದ ವಾಸನೆ ಬರುತ್ತದೆ ಎಂದ. ಅವನ ದನಿ ತರಗತಿಯಲ್ಲಿದ್ದಷ್ಟೇ ನೀರಸವಾಗಿತ್ತು. ಚೀಲದ ಹಿಡಿಯನ್ನು ದೀಪಕ್ಕೆ ತೋರಿಸಿದ. ಹಿಡಿ ಮುದುಡಿತು, ಕರಗಿತು, ಒಂದು ಹನಿಯಾಗಿ ನೆಲಕ್ಕೆ ಬಿತ್ತು. ಆ ವಾಸನೆ ಎಲ್ಲರಿಗೂ ಗೊತ್ತಿದ್ದದ್ದೇ. ಪ್ರತಿ ಮನೆಯ ಬಚ್ಚಲ ಒಲೆಯಲ್ಲಿ ವಾರಕ್ಕೊಮ್ಮೆ ಬರುವುದೇ. ಇಷ್ಟು ವರ್ಷದಲ್ಲಿ ಸಾರ್ವಜನಿಕವಾಗಿ ಅವನು ಮಾಡಿದ ಪ್ರಯೋಗಗಳಲ್ಲಿ ನಿರೀಕ್ಷಿಸಿದ ಫಲ ಕೊಟ್ಟದ್ದು ಇದೊಂದೇ. ಮಾಲತಿ ನೆಲದ ಮೇಲಿನ ಹನಿಯನ್ನು ನೋಡುತ್ತ ನಿಂತಳು. ಅವನು ಅವಳ ಕಡೆ ನೋಡಲಿಲ್ಲ. ನೋಡಲು ಧೈರ್ಯವಿರಲಿಲ್ಲ, ಅಷ್ಟೇ.

"ಅಕ್ಕಿ ಅಂಶವೇ ಇಲ್ಯಾ?" ಎಂದು ಪುರೋಹಿತರು ಕೇಳಿದರು. ಅವನು ಸಂಶೋಧಕನ ಪ್ರಾಮಾಣಿಕತೆಯಿಂದ, ಚಿಟಿಕೆಯಷ್ಟು ಇದೆ, ಒಣ ಹಿಟ್ಟು, ಎಲ್ಲೂ ನೀರು ತಾಗಿಲ್ಲ ಎಂದ. "ನೀರು ತಾಗದ್ದಕ್ಕೆ ಮುಸುರೆ ಇಲ್ಲೆ" ಎಂದು ಪುರೋಹಿತರು ತೀರ್ಪು ಕೊಟ್ಟು ಹೋಮದ ಕಡೆ ನಡೆದರು. ಯಾವ ವಿಶ್ವವಿದ್ಯಾಲಯವೂ ಕೊಡದ ಒಮ್ಮತ ಅಲ್ಲಿ ಸಿಕ್ಕಿತು. ಗಣಪಿ ಅತ್ತೆ ಎದ್ದು ಬಂದು ಚೀಲವನ್ನು ತಾನೇ ಮುಟ್ಟಿ, ಎಳೆದು ನೋಡಿ, "ಶುದ್ಧ ಪ್ಲಾಸ್ಟಿಕ್. ಮೊದ್ಲೇ ಹೇಳಿದ್ರೆ ಆಗಿತ್ತು ಮಾರಾಯಾ, ಸುಮ್ಮನೆ ಹೆದರಿಸಿದಿ" ಎಂದಳು. ಮೋಹನ ಅವನ ಬೆನ್ನು ತಟ್ಟಿದ, ಮತ್ತೆ ಮತ್ತೆ ತಟ್ಟಿದ. ಗಂಡಿನ ಸೋದರಮಾವ ಚೀಲದ ಎರಡೂ ಹಿಡಿ ಹಿಡಿದು ಜಗ್ಗಿ, ಗಟ್ಟಿ ಇದೆ, ತಮ್ಮ ಮನೆಯ ಉಪನಯನಕ್ಕೂ ಇದೇ ಮಾಲು ಬೇಕು, ಬೇಕಾದರೆ ಎಲೆಯ ಚಿತ್ರ ಹಾಗೇ ಇರಲಿ ಎಂದ. ಅವನು ಸುಳ್ಳು ಹೇಳಿದ್ದ ಎಂಬುದು ಯಾರಿಗೂ ಮುಖ್ಯವಾಗಲಿಲ್ಲ. ಬೈಗುಳಕ್ಕೆ ಬೆನ್ನು ಕೊಟ್ಟು ನಿಂತಿದ್ದವನಿಗೆ ಹೋಳಿಗೆಗೆ ತುಪ್ಪ ಜಾಸ್ತಿ ಬಡಿಸಿದರು. ಅವನು ತಿಂದ. ರುಚಿಯಾಗಿಯೇ ಇತ್ತು, ಅದೂ ಒಂದು ನಾಚಿಕೆ.

ಮಾಲತಿ ಮತ್ತೆ ಮೇಜಿನ ಹಿಂದೆ ಹೋಗಿ ಉಳಿದ ಚೀಲಗಳನ್ನು ತುಂಬಿದಳು. ಊಟದ ಪಂಕ್ತಿಯಿಂದ ಅವನಿಗೆ ಅವಳ ಕೈಗಳು ಕಾಣುತ್ತಿದ್ದವು. ಈಗ ಅವಳು ಚೀಲದ ಬಾಯಿಯನ್ನು ಬಹಳ ನಿಧಾನವಾಗಿ, ಎರಡೂ ಹೆಬ್ಬೆರಳಿನಿಂದ, ಸದ್ದಾಗದಂತೆ ಬಿಡಿಸುತ್ತಿದ್ದಳು. ಆದರೂ ಸದ್ದಾಗುತ್ತಿತ್ತು. ಒಂದೊಂದು ಸಲ ಸದ್ದಾದಾಗಲೂ ಅವಳ ಕೈ ಅರೆಕ್ಷಣ ನಿಲ್ಲುತ್ತಿತ್ತು.

ಕುಮಟೆಗೆ ಹೋಗುವ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಶರಾವತಿಯ ಸೇತುವೆ ಮಂಟಪದ ಆಚೆ ದಿಕ್ಕಿಗಿತ್ತು, ಇಲ್ಲದಿದ್ದರೆ ನೀರು ನೋಡುವ ನೆಪವಾದರೂ ಸಿಗುತ್ತಿತ್ತು. ಸುತ್ತ ಮದುವೆಯಿಂದ ಮರಳುವವರ ತೊಡೆಯ ಮೇಲೆ ಚೀಲಗಳು ಚರಪರ ಎನ್ನುತ್ತಿದ್ದವು. ದಿನಕರ ಮನಸ್ಸಿನಲ್ಲೇ ಹಲವು ವಾಕ್ಯ ಕಟ್ಟಿದ: ಯಂತ್ರದ ಮಿತಿ, ಸಮಯದ ಅಭಾವ, ವಿನುತಾಳ ಮದುವೆ. ಎಲ್ಲವೂ ಪ್ರಬಂಧದ ಕೊನೆಯ ಅಧ್ಯಾಯದ ವಾಕ್ಯಗಳಂತಿದ್ದವು. ದಾರಿಯ ನಡುವೆ ಹೊಳೆಗದ್ದೆಯ ಟೋಲು ಇನ್ನೂ ಹುಟ್ಟದ ಕಾಲ ಅದು; ಬಸ್ಸು ಎಲ್ಲೂ ನಿಲ್ಲದೆ ಓಡುತ್ತಿತ್ತು. ಊರು ಹತ್ತಿರವಾದಾಗ ಅವಳು ಕಿಟಕಿಯಿಂದ ಮುಖ ತಿರುಗಿಸದೆ, "ಯನ್ನ ಹಿಟ್ಟು ಎಂತ ಆತು?" ಎಂದಳು.

ಸುಳ್ಳೊಂದು ತಯಾರಿತ್ತು. ಆದರೆ ಅವತ್ತಿನ ಮಟ್ಟಿಗೆ ಸತ್ಯದ ರೂಢಿ ಬಿದ್ದಿತ್ತು. ಶೆಡ್ಡಿನವನು ಡಬ್ಬಿಯನ್ನು ಹಾಗೇ ವಾಪಸು ಕೊಟ್ಟ, ಮನೆಗೆ ತಂದರೆ ನಿನಗೆ ಗೊತ್ತಾಗುತ್ತದೆ ಎಂದು ಕುಮಟೆಯ ಬಸ್ ನಿಲ್ದಾಣದ ಹಿಂದಿನ ಗಟಾರದ ಬದಿಗೆ ಸುರಿದೆ ಎಂದ. ದನ ಸತ್ತಿದ್ದ ಜಾಗವೇ ಅದು ಎಂಬುದನ್ನು ಹೇಳಲಿಲ್ಲ. ಮರುದಿನ ಕಾಲೇಜಿಗೆ ಹೋಗುವಾಗ ಇರುವೆ ಸಾಲು ಹಿಡಿದಿತ್ತು, ಒಂದು ಮಳೆ ಬಂದದ್ದೇ ಅಲ್ಲಿ ಮಣ್ಣಲ್ಲದೆ ಏನೂ ಇರಲಿಲ್ಲ. ಅವನು ನಿಂತು, ಸಂಶೋಧಕನ ಕಣ್ಣಿನಿಂದಲೇ ನೋಡಿದ್ದ. ಅದನ್ನೂ ಹೇಳಿದ. ಯಾಕೆ ಹೇಳಿದನೋ, ಅವಳಿಗೆ ಸಮಾಧಾನವಾದೀತು ಎಂದೋ ಏನೋ.

"ಪೂರ್ತಿ ಕರಗಿತ್ತಾ?" ಎಂದಳು.

"ಪೂರ್ತಿ."

ಅವಳು ಮನೆಗೆ ಬಂದು ರೇಷ್ಮೆ ಸೀರೆ ಬದಲಿಸಿ, ಕತ್ತಿ ತೆಗೆದುಕೊಂಡು ಹಿತ್ತಲಿಗೆ ಹೋದಳು. ದಿನಕರ ಕಿಟಕಿಯಲ್ಲಿ ನಿಂತು ನೋಡಿದ. ಅಂದು ಹಾಳೆ ಹಿಡಿದು ನಿಂತ ಅದೇ ಕಿಟಕಿ, ಆಚೆ ದಾಸವಾಳ ಈಗ ಸ್ಪಷ್ಟವಾಗಿ ಕಂಡಿತು. ಅವಳು ಬುಡದಲ್ಲಿ ಕೂತು ಅಗೆದಳು. ಅವನು ಎರಡನೇ ಸಲ ಆಳದಲ್ಲಿ ಹುಗಿದದ್ದರಿಂದ ಬಹಳ ಹೊತ್ತು ಅಗೆಯಬೇಕಾಯಿತು. ಚೀಲವನ್ನು ಎಳೆದು ತೆಗೆದು, ಬಾವಿಕಟ್ಟೆಯ ಮೇಲೆ ಒಳಗೂ ಹೊರಗೂ ಸೋಪು ಹಾಕಿ ತೊಳೆದು, ಅವನ ಪಂಚೆಯ ಪಕ್ಕ ತಂತಿಗೆ ಕ್ಲಿಪ್ಪು ಹಾಕಿ ಸಿಕ್ಕಿಸಿದಳು. ಗಾಳಿಗೆ ಅದು ಉಬ್ಬಿ ತಿರುಗಿತು. ಮಣ್ಣಿನಿಂದ ಬಂದದ್ದು ಮಣ್ಣಿಗೆ ಎಂಬುದರಲ್ಲಿ ಒಂದು ಒತ್ತಕ್ಷರವೂ ಅಳಿಸಿರಲಿಲ್ಲ.

ರಜೆ ಮುಗಿದು ಕಾಲೇಜು ಶುರುವಾದ ದಿನ ಅವಳು ಊಟದ ಡಬ್ಬಿಯನ್ನು ಆ ಚೀಲದಲ್ಲಿಟ್ಟು ಬಾಗಿಲಲ್ಲಿ ಅವನ ಕೈಗೆ ಕೊಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸ್ವಲ್ಪ ಸಿಟ್ಟಿದ್ದಿದ್ದರೆ ಅವನು ಬಚಾವಾಗುತ್ತಿದ್ದ. "ಗಟ್ಟಿ ಇದ್ದು. ಅನ್ನ ತಾಗಿದ್ರೂ ಮುಸುರೆ ಆಗ್ತಿಲ್ಲೆ. ತಗಂಡು ಹೋಗಿ" ಎಂದಳು. ಸ್ಟಾಫ್ ರೂಮಿನಲ್ಲಿ ಅವನು ಅದನ್ನು ಬಿಡಿಸಿದಾಗ ಎಲ್ಲರೂ ತಲೆಯೆತ್ತಿ, ಎಲೆಯ ಚಿತ್ರ ನೋಡಿ, ಓ ಇದೇ ಏನು ಎಂದು ಮುಟ್ಟಿ ನೋಡಿ ಅಭಿನಂದಿಸಿದರು. ಸಂಜೆ ಅವಳು ಅದನ್ನು ತೊಳೆದು ತಂತಿಗೆ ಹಾಕಿದಳು, ಮರುದಿನ ಮತ್ತೆ ಡಬ್ಬಿ ಇಟ್ಟು ಕೊಟ್ಟಳು. ಆ ಮಳೆಗಾಲ ಕಳೆಯಿತು, ಇನ್ನೊಂದೂ ಕಳೆಯಿತು. ಶೋಕೇಸಿನಲ್ಲಿ ಪತ್ರಿಕೆಯ ತುಣುಕು ಹಳದಿಯಾಗಿ, ತುದಿ ಮುರಿದು, ಬಾತುಕೋಳಿಯ ಕಾಲ ಬಳಿ ಪುಡಿಯಾಗಿ ಬಿತ್ತು. ಈಗಲೂ ಪ್ರತಿ ಬೆಳಿಗ್ಗೆ ಗೇಟು ದಾಟಿ, ಅವಳಿಗೆ ಕಾಣದಷ್ಟು ದೂರ ಬಂದಮೇಲೆ, ದಿನಕರ ಚೀಲದ ಹಿಡಿಯನ್ನು ಒಮ್ಮೆ ಬಲವಾಗಿ ಜಗ್ಗಿ ನೋಡುತ್ತಾನೆ. ಹರಿಯುವ ಲಕ್ಷಣವಿಲ್ಲ.